ಕೈಗಡಿಯಾರ ಕಟ್ಟಿದ್ದೂ ಒಂದು ಸಾಕ್ಷ್ಯ

ಓದುಗರ ಪ್ರಶ್ನೆ, ನಿವೃತ್ತ ಜೈಲು ಅಧಿಕಾರಿಯ ಉತ್ತರ

ಕಳೆದ ಸಂಚಿಕೆಯಲ್ಲಿ ಪೆರೋಲ್ ಬಗ್ಗೆ ಬರೆಯುತ್ತ ಕೊನೆಗೊಂದು ಸಾಲು ಸೇರಿಸಿದ್ದೆ: "ಮನುಷ್ಯ ನಾಳೆ ಏನು ಮಾಡುತ್ತಾನೆ ಅಂತ ಕಾಗದದ ಮೇಲೆ ಬರೆಯುವ ಕೆಲಸ ಜೈಲಿನಲ್ಲೂ ಇದೆ, ಯುದ್ಧದಲ್ಲೂ ಇದೆ, ಎರಡಕ್ಕೂ ಜ್ಯೋತಿಷ್ಯಕ್ಕಿಂತ ಹೆಚ್ಚಿನ ಖಾತ್ರಿಯಿಲ್ಲ." ಪೆರೋಲ್ ಬಗ್ಗೆ ಯಾರೂ ಕೇಳಲಿಲ್ಲ. ಬಂದ ಕಾಗದಗಳೆಲ್ಲ ಆ ಒಂದು ಸಾಲಿನ ಮೇಲೆಯೇ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಸರ್, ನಾನು ಕಾನೂನು ಓದುತ್ತಿದ್ದೇನೆ. ಅಪರಾಧ ಸಾಬೀತಾದರೆ ಶಿಕ್ಷೆ, ಇಲ್ಲದಿದ್ದರೆ ಬಿಡುಗಡೆ ಎಂದು ನಮಗೆ ಕಲಿಸಿದ್ದಾರೆ. ಯುದ್ಧದಲ್ಲಿ ಹಿಡಿದವನ ಮೇಲೆ ಕೇಸೇ ಇರುವುದಿಲ್ಲವಲ್ಲ, ಅವನು ಅಪಾಯಕಾರಿ ಅಂತ ತೀರ್ಮಾನಿಸುವವರು ಯಾರು, ಹೇಗೆ? ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಸೆರೆಶಿಬಿರ ಗ್ವಾಂಟನಾಮೊದಲ್ಲಿ ನಿಜವಾಗಿ ಏನು ಮಾಡಿದರು? (ವಿದ್ಯಾರ್ಥಿನಿ, ಶಿರಸಿ)

ಉತ್ತರ: ಚೆನ್ನಾಗಿ ಕೇಳಿದೆ ತಾಯಿ. ಕೋರ್ಟಿನ ಪ್ರಶ್ನೆ ನಿನ್ನೆಯದು: ಇವನು ಮಾಡಿದನೋ, ಇಲ್ಲವೋ? ಹಿಡಿದಿಟ್ಟ ಸೇನೆಯ ಪ್ರಶ್ನೆ ನಾಳೆಯದು: ಬಿಟ್ಟರೆ ಏನು ಮಾಡಿಯಾನು? ನಿನ್ನೆಗಾದರೆ ಸಾಕ್ಷಿ ಸಿಗುತ್ತದೆ. ನಾಳೆಗೆ ಎಲ್ಲಿಂದ ತರುವುದು?

ಸಮವಸ್ತ್ರದಲ್ಲಿ ಸಿಕ್ಕಿಬಿದ್ದ ಸೈನಿಕನ ಮಟ್ಟಿಗೆ ಈ ತಲೆನೋವಿಲ್ಲ. ಯುದ್ಧ ಮುಗಿಯುವ ತನಕ ಇಟ್ಟುಕೊಳ್ಳುತ್ತಾರೆ, ಮುಗಿದ ಮೇಲೆ ಕಳಿಸುತ್ತಾರೆ. ಅವನ ಮನಸ್ಸಿನಲ್ಲಿ ಏನಿದೆ ಅಂತ ಯಾರೂ ಕೆದಕುವುದಿಲ್ಲ. ತಕರಾರು ಬರುವುದು ಮಾಮೂಲಿ ಬಟ್ಟೆಯಲ್ಲಿ ಸಿಕ್ಕವನದು. ಅಂಥವನ ಬಗ್ಗೆ ಸಂಶಯ ಬಂದರೆ ಒಂದು ಮಂಡಳಿಯ ಮುಂದೆ ನಿಲ್ಲಿಸಿ ಇತ್ಯರ್ಥ ಮಾಡಿ ಎಂದು 1949ರ ಮೂರನೇ ಜಿನೀವಾ ಒಪ್ಪಂದದ 5ನೇ ವಿಧಿ ಹೇಳುತ್ತದೆ. ಅಮೆರಿಕದವರಿಗೆ ಇದೇನು ಹೊಸದಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಅವರು ಇಂಥ 1,196 ವಿಚಾರಣೆ ನಡೆಸಿದ್ದರು. ಯುದ್ಧಕೈದಿಗಳೆಂದು ಉಳಿದವರು 310 ಮಂದಿ ಮಾತ್ರ. ಮಿಕ್ಕ 886 ಜನ ಯುದ್ಧದ ನಡುವೆ ಸಿಕ್ಕಿಹಾಕಿಕೊಂಡ ನಾಗರಿಕರು. ವಿಚಾರಣೆಗೆ ನಿಂತವರಲ್ಲಿ ನಾಲ್ಕಕ್ಕೆ ಮೂರು ಜನ ತಪ್ಪಿ ಬಲೆಗೆ ಬಿದ್ದವರು! ಆದರೂ ಬೇಗ ಗೊತ್ತಾಯಿತು. ಹಿಡಿದ ಜಾಗ ಹತ್ತಿರವಿತ್ತು, ಹಿಡಿದವನೂ ಅಲ್ಲೇ ಇದ್ದ, "ಇವನು ನಮ್ಮೂರಿನ ಕುರುಬ" ಎನ್ನುವವನೂ ಕೂಗಳತೆಯಲ್ಲಿ ಸಿಗುತ್ತಿದ್ದ.

2002ರ ಜನವರಿ 11ರಂದು ಗ್ವಾಂಟನಾಮೊಗೆ, ಅಫ್ಘಾನಿಸ್ತಾನದ ಯುದ್ಧದಲ್ಲಿ ಹಿಡಿದವರಲ್ಲಿ ಮೊದಲ 20 ಜನ ಬಂದಿಳಿದರು. ಫೆಬ್ರವರಿ 7ರಂದು ಅಧ್ಯಕ್ಷ ಬುಷ್ ಸಹಿ ಹಾಕಿದರು: ತಾಲಿಬಾನಿನವರೂ ಅಲ್ ಖೈದಾದವರೂ ಯುದ್ಧಕೈದಿಗಳಲ್ಲ, ಯಾರ ವಿಷಯದಲ್ಲೂ ಸಂಶಯವಿಲ್ಲ, ಆದ್ದರಿಂದ ಮಂಡಳಿಯೂ ಬೇಕಿಲ್ಲ. ಒಕ್ಕುವ ಕಣದಲ್ಲೇ ತೂರಬೇಕಾಗಿದ್ದ ಕಾಳನ್ನು ಹೊಟ್ಟಿನ ಸಮೇತ ಮೂಟೆ ಕಟ್ಟಿ ಸಮುದ್ರದಾಚೆಗೆ ಸಾಗಿಸಿದ ಹಾಗಾಯಿತು. ಅಲ್ಲಿ ಕೂತು ತೂರುವುದಾದರೂ ಹೇಗೆ?

ಎರಡೂವರೆ ವರ್ಷ ಕಳೆಯಿತು. ಬಂದಿಗಳು ಕೋರ್ಟಿಗೆ ಬರಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟು 2004ರ ಜೂನ್ 28ರಂದು ಹೇಳಿತು. ಜುಲೈ 7ಕ್ಕೆ, ಅಂದರೆ ಒಂಬತ್ತೇ ದಿನದಲ್ಲಿ, ರಕ್ಷಣಾ ಇಲಾಖೆ ಮಂಡಳಿಗಳನ್ನು ರಚಿಸಿತು. ಮೂವರು ಸೇನಾಧಿಕಾರಿಗಳು. ಬಂದಿಗೆ ವಕೀಲರಿಲ್ಲ, "ವೈಯಕ್ತಿಕ ಪ್ರತಿನಿಧಿ" ಎಂಬ ಒಬ್ಬ ಅಧಿಕಾರಿ ಪಕ್ಕದಲ್ಲಿ ಕೂರುತ್ತಾನೆ. ಸರ್ಕಾರ ತಂದಿಟ್ಟ ಕಾಗದ ಸರಿಯಾದದ್ದೇ ಎಂದು ಮೊದಲೇ ಇಟ್ಟುಕೊಂಡು ಶುರು, ತಪ್ಪು ಅಂತ ತೋರಿಸುವ ಹೊಣೆ ಬಂದಿಯದು. ಆ ಕಾಗದದಲ್ಲಿ ಗುಟ್ಟು ಅನಿಸಿಕೊಂಡದ್ದನ್ನು ಅವನಿಗೆ ತೋರಿಸುವುದೂ ಇಲ್ಲ. 558 ವಿಚಾರಣೆ ನಡೆದು, "ಶತ್ರು ಹೋರಾಟಗಾರ" ಅಲ್ಲ ಅನಿಸಿಕೊಂಡವರು 38.

ಹೀಗೆ ಕಾಗದವನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಮುರಾತ್ ಕುರ್ನಾಜ್ ಎಂಬ ಹುಡುಗನ ಕಡತ ಸಾಕು. ಜರ್ಮನಿಯ ಬ್ರೆಮೆನ್‌ನಲ್ಲಿ ಹುಟ್ಟಿ ಬೆಳೆದ ತುರ್ಕಿ ಮೂಲದವನು, 2001ರ ಕೊನೆಯಲ್ಲಿ ಪಾಕಿಸ್ತಾನದ ಪೊಲೀಸರು ಬಸ್ಸಿನಿಂದ ಇಳಿಸಿ ಹಿಡಿದರು. ಅವನ ಮೇಲಿನ ದೊಡ್ಡ ಆರೋಪವೇ "ಇವನ ಗೆಳೆಯ ಆತ್ಮಾಹುತಿ ಬಾಂಬ್ ದಾಳಿ ಮಾಡಿ ಸತ್ತಿದ್ದಾನೆ" ಅನ್ನುವುದು. ಗೆಳೆಯ ಬ್ರೆಮೆನ್‌ನಲ್ಲಿ ಹೆಂಡತಿ ಮಕ್ಕಳ ಜೊತೆ ಸುಖವಾಗಿದ್ದ. ಒಂದು ಫೋನು ಮಾಡಿದ್ದರೆ ತಿಳಿಯುತ್ತಿತ್ತು. ಆಮೇಲೆ ಕೋರ್ಟಿನಲ್ಲಿ ಬಂದಿಯ ಪರ ನಿಂತ ವಕೀಲರಿಗೆ ಆ ಆರೋಪ ಕಣ್ಣಿಗೆ ಬಿದ್ದಾಗಲೇ ಅದು ಬಿದ್ದುಹೋಯಿತು. ಹುಡುಗ ಮನೆ ಸೇರಿದ್ದು ಮಾತ್ರ 2006ರ ಆಗಸ್ಟಿನಲ್ಲಿ.

ಮಂಡಳಿಯಲ್ಲಿ ಕೂತವರೆಲ್ಲ ಕಣ್ಣು ಮುಚ್ಚಿಕೊಂಡಿದ್ದರು ಅಂತಲ್ಲ. ಮೀಸಲು ಸೇನೆಯ ಲೆಫ್ಟಿನೆಂಟ್ ಕರ್ನಲ್ ಸ್ಟೀಫನ್ ಅಬ್ರಹಾಂ ವೃತ್ತಿಯಲ್ಲಿ ವಕೀಲರು, ಬೇಹುಗಾರಿಕೆಯಲ್ಲೂ ಪಳಗಿದವರು. ಜಲಾಲಾಬಾದಿನಲ್ಲಿ ಅಂಗಡಿ ಇಟ್ಟುಕೊಂಡಿದ್ದ ಲಿಬಿಯಾದವನೊಬ್ಬನ ಕಡತ ಅವರ ಮಂಡಳಿಗೆ ಬಂತು. ಮೂವರೂ ಓದಿ, ಇದರಲ್ಲಿ ಹುರುಳಿಲ್ಲ ಎಂದರು. ಇನ್ನೊಮ್ಮೆ ನೋಡಿ ಎಂದು ಮೇಲಿನವರು ಹೇಳಿದರು. ನೋಡಿದರು, ಮತ್ತೆ ಅದನ್ನೇ ಹೇಳಿದರು. ಆಮೇಲೆ ಅಬ್ರಹಾಂ ಅವರನ್ನು ಇನ್ನೊಂದು ಮಂಡಳಿಗೆ ಹಾಕಲಿಲ್ಲ. ಎರಡು ತಿಂಗಳೊಳಗೆ ಬೇರೆ ಮಂಡಳಿ ಕೂತು ಅದೇ ಮನುಷ್ಯನನ್ನು ಶತ್ರು ಎಂದು ಬರೆಯಿತು. 2007ರ ಜೂನ್‌ನಲ್ಲಿ ಅಬ್ರಹಾಂ ಇದನ್ನೆಲ್ಲ ಪ್ರಮಾಣಪತ್ರದಲ್ಲಿ ಬರೆದುಕೊಟ್ಟರು. ಏಪ್ರಿಲ್‌ನಲ್ಲಿ ಬಂದಿಗಳ ಅರ್ಜಿ ಬೇಡವೆಂದಿದ್ದ ಸುಪ್ರೀಂ ಕೋರ್ಟು ಜೂನ್ ಕೊನೆಗೆ ಮನಸ್ಸು ಬದಲಿಸಿ ಕೈಗೆತ್ತಿಕೊಂಡಿತು. 2008ರ ಜೂನ್ 12ರಂದು ನಾಲ್ಕರ ವಿರುದ್ಧ ಐದು ಮತದಲ್ಲಿ ಹೇಬಿಯಸ್ ಕಾರ್ಪಸ್ ಹಕ್ಕು, ಅಂದರೆ ತನ್ನನ್ನು ಸೆರೆಯಿಟ್ಟದ್ದು ಸರಿಯೇ ಎಂದು ಕೋರ್ಟನ್ನು ಕೇಳುವ ಹಕ್ಕು, ಅವರಿಗೂ ಉಂಟು ಎಂದಿತು. ಪರೀಕ್ಷೆಗೆ ಈ ಮೊಕದ್ದಮೆಯನ್ನು ಓದುವಾಗ ಆ ಒಂದು ಪ್ರಮಾಣಪತ್ರವನ್ನೂ ಹುಡುಕಿ ಓದು. ಸಹಿ ಹಾಕುವವನ ಕಷ್ಟ ಅದರಲ್ಲಿದೆ.

ನನಗೆ ಇದು ಅರ್ಥವಾಗುವುದು ಯಾಕೆಂದರೆ ನಾನೂ ಸಹಿ ಹಾಕಿದವನೇ. ನಮ್ಮಲ್ಲಿ ಸಜಾ ಬಂದಿ ಪೆರೋಲ್ ಕೇಳಿದರೆ ಅವನ ಊರಿನ ಠಾಣೆಯಿಂದ ವರದಿ ತರಿಸುತ್ತೇವೆ. ಉತ್ತರ ಕರ್ನಾಟಕದ ಒಂದು ಜೈಲಿನಲ್ಲಿ ನಾನಿದ್ದಾಗ ಒಬ್ಬನ ವರದಿ ಮೂರು ವರ್ಷ ಒಂದೇ ಥರ ಬಂತು: "ಸದರಿ ಬಂದಿಯನ್ನು ಬಿಟ್ಟಲ್ಲಿ ಎದುರು ಪಕ್ಷದವರ ಪ್ರಾಣಕ್ಕೆ ಅಪಾಯವಿದ್ದು ಗ್ರಾಮದಲ್ಲಿ ಶಾಂತಿಗೆ ಬಂಗ ಬರುವ ಸಾದ್ಯತೆ ಇರುತ್ತದೆ." ಭಂಗಕ್ಕೆ ಮಹಾಪ್ರಾಣವಿಲ್ಲ, ಸಾಧ್ಯತೆಗೂ ಇಲ್ಲ. ಮೂರೂ ವರ್ಷ ಇಲ್ಲ. ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಬದಲಾಗಿದ್ದರು, ಬರೆಯುವ ರೈಟರ್ ಬದಲಾಗಿದ್ದ, ಕಾಗುಣಿತ ಮಾತ್ರ ಬದಲಾಗಿರಲಿಲ್ಲ. ಗ್ವಾಂಟನಾಮೊದ ಕಡತಗಳಲ್ಲೂ ಇದೇ ರೋಗ: ಒಂದು ವರ್ಷದ ವರದಿಯ ಗುಮಾನಿ ಮುಂದಿನ ವರ್ಷದ ವರದಿಗೆ ಆಧಾರ, ಅದು ಅದರ ಮುಂದಿನದಕ್ಕೆ. ಚೀನಾದ ಉಯಿಘರ್ ಬಂದಿಯೊಬ್ಬನ ಮೊಕದ್ದಮೆಯಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟು 2008ರಲ್ಲಿ ಇದನ್ನೇ ಎತ್ತಿ ಹೇಳಿತು. ಮೂರು ಸಲ ಹೇಳಿದ್ದೀರಿ ಅಂದ ಮಾತ್ರಕ್ಕೆ ಆರೋಪ ನಿಜವಾಗುವುದಿಲ್ಲ ಅಂತ.

ಪ್ರಶ್ನೆ: ನಮ್ಮದು ಕೈಗಡಿಯಾರದ ಅಂಗಡಿ. ಕ್ಯಾಸಿಯೊ ಎಫ್-91ಡಬ್ಲ್ಯು ಅಂತ ಒಂದು ಪ್ಲಾಸ್ಟಿಕ್ ಪಟ್ಟಿಯ ವಾಚು ಇದೆ, ಬಡವರ ಬಂಧು, ಹತ್ತಾರು ವರ್ಷದಿಂದ ಮಾರುತ್ತಿದ್ದೇನೆ. ಇದನ್ನು ಕಟ್ಟಿದ್ದಕ್ಕೆ ಗ್ವಾಂಟನಾಮೊದಲ್ಲಿ ಜನರನ್ನು ಉಗ್ರರ ಲೆಕ್ಕಕ್ಕೆ ಸೇರಿಸಿದ್ದರು ಅಂತ ಮಗ ಹೇಳುತ್ತಾನೆ. ನಿಜವೇ? ನನ್ನ ಕೈಯಲ್ಲೂ ಅದೇ ಇದೆ. (ವಾಚು ವ್ಯಾಪಾರಿ, ದಾವಣಗೆರೆ)

ಉತ್ತರ: ಮಗ ಹೇಳಿದ್ದು ನಿಜ ಯಜಮಾನರೇ. ವಿಮಾನ ಹತ್ತುವಾಗ ಹೆದರಬೇಕಿಲ್ಲ, ಕಟ್ಟಿಕೊಂಡೇ ಹೋಗಿ.

ಅಲ್ಲಿ ಪ್ರತಿ ಬಂದಿಗೂ ಒಂದು "ಮೌಲ್ಯಮಾಪನ" ಬರೆಯುತ್ತಿದ್ದರು. ಈ ರಹಸ್ಯ ಕಡತಗಳು 2011ರ ಏಪ್ರಿಲ್‌ನಲ್ಲಿ ಸೋರಿಕೆಯಾಗಿ ಹೊರಬಂದವು. ಒಟ್ಟು ಬಂದಿಗಳು ಸುಮಾರು 780, ಬಹುತೇಕ ಎಲ್ಲರದೂ ಸಿಕ್ಕಿತು. ನಮ್ಮ ಜೈಲಿನ ಹಿಸ್ಟರಿ ಟಿಕೆಟ್, ಅಂದರೆ ಬಂದಿಯ ದಾಖಲೆ ಚೀಟಿ, ನೋಡಿದವರಿಗೆ ಆ ನಮೂನೆ ಅಪರಿಚಿತ ಅನಿಸುವುದಿಲ್ಲ. ಹೆಸರು, ಊರು, ಆರೋಗ್ಯ. ಆಮೇಲೆ ಬಂದಿ ಹೇಳಿದ ಕಥೆ. ಎಲ್ಲಿ, ಯಾರು ಹಿಡಿದರು. ಇಲ್ಲಿಗೆ ಯಾಕೆ ತಂದರು. ಅವನ ಕಥೆ ನಂಬುವಂಥದ್ದೋ, ಅಲ್ಲವೋ. ಕೊನೆಗೆ ಮೂರು ಅಳತೆ: ಬಿಟ್ಟರೆ ಅಪಾಯ ಎಷ್ಟು, ಒಳಗೆ ನಡತೆ ಹೇಗೆ, ಅವನಿಂದ ಸಿಗುವ ಮಾಹಿತಿಯ ಬೆಲೆ ಎಷ್ಟು. ಅಪಾಯಕ್ಕೆ ಹೆಚ್ಚು, ಮಧ್ಯಮ, ಕಡಿಮೆ ಅನ್ನುವ ಮೂರು ದರ್ಜೆ.

ದರ್ಜೆ ಹಾಕಲು ಅಧಿಕಾರಿಗಳ ಕೈಗೆ ಲಕ್ಷಣಗಳ ಪಟ್ಟಿಯೊಂದನ್ನು ಕೊಟ್ಟಿದ್ದರು. ನಿಮ್ಮ ವಾಚು ಇದ್ದದ್ದು ಆ ಪಟ್ಟಿಯಲ್ಲಿ. ಅದರ ಬೆಳ್ಳಿ ಬಣ್ಣದ ಅಣ್ಣನೂ ಇತ್ತು. ಅಫ್ಘಾನಿಸ್ತಾನದಲ್ಲಿ ಬಾಂಬ್ ತರಬೇತಿ ಮುಗಿಸಿದವರಿಗೆ ಇದನ್ನು ಕೊಡುತ್ತಿದ್ದರು ಅನ್ನುವುದು ಕಾರಣ. ಐವತ್ತಕ್ಕೂ ಹೆಚ್ಚು ಕಡತಗಳಲ್ಲಿ ಅದರ ಹೆಸರಿದೆ. ಅದು ಬರೀ ಗಾಳಿಮಾತೂ ಅಲ್ಲ: 1994ರ ಡಿಸೆಂಬರಿನಲ್ಲಿ ಫಿಲಿಪ್ಪೀನ್ಸ್ ಏರ್‌ಲೈನ್ಸ್ ವಿಮಾನದಲ್ಲಿ ರಮ್ಜಿ ಯೂಸುಫ್ ಇಟ್ಟ ಬಾಂಬಿಗೆ ಕ್ಯಾಸಿಯೊ ಗಡಿಯಾರವೇ ಟೈಮರ್ ಆಗಿತ್ತು. ಹಾಗಾಗಿ ಬಾಂಬ್ ಮಾಡುವವರು ಈ ವಾಚು ಬಳಸುತ್ತಾರೆ ಎಂದರೆ ಸರಿ. ಈ ವಾಚು ಕಟ್ಟಿದವನು ಬಾಂಬ್ ಮಾಡುವವನು ಅನ್ನುವುದು ಬೇರೆಯೇ ಮಾತು. ಅಷ್ಟು ವರ್ಷದಲ್ಲಿ ನೀವು ಮಾರಿದ ವಾಚುಗಳಲ್ಲಿ ಎಷ್ಟು ಬಾಂಬಾದವು, ಎಷ್ಟು ಎಸ್ಸೆಸ್ಸೆಲ್ಸಿ ಹುಡುಗರ ಕೈಯಲ್ಲಿ ಪರೀಕ್ಷೆ ಬರೆದವು, ನೀವೇ ಲೆಕ್ಕ ಹಾಕಿ. ಒಬ್ಬ ಬಂದಿ ಮಂಡಳಿಯ ಮುಂದೆ ನಿಮಗಿಂತ ಚೆನ್ನಾಗಿ ವಾದಿಸಿದ: ಈ ಶಿಬಿರದಲ್ಲಿ ನಿಮ್ಮದೇ ಸೇನೆಯ ನಾಲ್ವರು ಮುಸ್ಲಿಂ ಧರ್ಮಗುರುಗಳಿದ್ದಾರೆ, ಅವರೂ ಇದನ್ನೇ ಕಟ್ಟಿದ್ದಾರೆ.

ವಾಚು ನಗು ತರಿಸುತ್ತದೆ. ಪಟ್ಟಿಯ ಉಳಿದ ಭಾಗ ನೋಡಿದರೆ ನಗು ಬರುವುದಿಲ್ಲ. ಕುರಾನ್ ಕಲಿಸಲು ಬಂದಿದ್ದೆ, ದಾನಧರ್ಮದ ಕೆಲಸಕ್ಕೆ ಬಂದಿದ್ದೆ, ಹೆಣ್ಣು ನೋಡಲು ಬಂದಿದ್ದೆ, ವ್ಯಾಪಾರಕ್ಕೆ ಬಂದಿದ್ದೆ ಎನ್ನುವುದೆಲ್ಲ ಅಲ್ ಖೈದಾದವರು ಹೇಳಿಕೊಡುವ ಸುಳ್ಳು ನೆಪಗಳೆಂದು ಅದರಲ್ಲಿದೆ. ಸುಳ್ಳು ಹೇಳುವವನು ಹಾಗೆ ಹೇಳುತ್ತಾನೆ ಸರಿ. ನಿಜವಾಗಿ ಹೆಣ್ಣು ನೋಡಲು ಹೋದವನು ಏನು ಹೇಳಬೇಕು? ಬಾಯಿ ಬಿಡದೆ ಕೂತರೆ, ವಿಚಾರಣೆಗೆ ಜಗ್ಗದ ತರಬೇತಿ ಪಡೆದಿದ್ದಾನೆ ಅಂತ ಬರೆಯುತ್ತಾರೆ.

ಇನ್ನು "ಯಾಕೆ ತಂದರು" ಅನ್ನುವ ಅಂಕಣ. ಒಬ್ಬ ಅಫ್ಘನ್ ಟ್ಯಾಕ್ಸಿ ಡ್ರೈವರ್‌ನನ್ನು ತಂದದ್ದಕ್ಕೆ ಕೊಟ್ಟ ಕಾರಣ, ಟ್ಯಾಕ್ಸಿ ಓಡಿಸುವುದರಿಂದ ಖೋಸ್ತ್, ಕಾಬೂಲ್ ಕಡೆಯ ಸಂಗತಿ ಅವನಿಗೆ ಗೊತ್ತಿರಬಹುದು ಎಂದು. 89 ವರ್ಷದ, ಮರೆವಿನ ಕಾಯಿಲೆಯ ಮುದುಕನೂ ಆ ಕಡತಗಳಲ್ಲಿ ಇದ್ದಾನೆ. ಇಲ್ಲಿ ಎರಡು ಬೇರೆ ಲೆಕ್ಕಗಳು ಬೆರೆತುಹೋಗಿವೆ ಅನ್ನುವುದು ನನ್ನ ದೂರು. ಅಪಾಯ ಇದೆಯೋ ಎಂದು ಕೇಳುವುದರ ಜೊತೆಗೆ, ಉಪಯೋಗ ಇದೆಯೋ ಎಂದೂ ಕೇಳುತ್ತಿದ್ದಾರೆ. ಉಪಯೋಗಕ್ಕೆ ಅಂತ ಮನುಷ್ಯನನ್ನು ಇಟ್ಟುಕೊಂಡರೆ ಅದಕ್ಕೆ ಸೆರೆ ಅನ್ನುವುದಿಲ್ಲ, ಒತ್ತೆ ಅನ್ನುತ್ತಾರೆ.

ನಡತೆಯ ವಿಷಯದಲ್ಲಿ ನನ್ನ ಅನುಭವದ್ದೇ ಒಂದು ಮಾತು. ಅಲ್ಲಿ ಉಪವಾಸ ಕೂತದ್ದು, ಕಾವಲಿನವನಿಗೆ ಉಗಿದದ್ದು ಎಲ್ಲವನ್ನೂ ಎಣಿಸಿ ಬರೆದಿದ್ದಾರೆ. ನಮ್ಮ ಬ್ಯಾರಕ್‌ಗಳಲ್ಲಿ ಅತ್ಯುತ್ತಮ ಸನ್ನಡತೆ ಯಾರದು ಗೊತ್ತೇ? ನಾಲ್ಕನೇ ಸಲ ಒಳಗೆ ಬಂದ ಕಸುಬುದಾರನದು. ಬೆಳಗಿನ ಎಣಿಕೆಗೆ ಮೊದಲು ಬಂದು ನಿಲ್ಲುವವನು, ವಾರ್ಡರ್‌ಗೆ ಕೈಮುಗಿಯುವವನು ಅವನೇ. ಕಿರುಚಿ ತಲೆ ಚಚ್ಚಿಕೊಳ್ಳುವವನು ಮೊದಲ ಸಲ ಬಂದವನು, ಬಹಳ ಸಲ ಏನೂ ಮಾಡದವನು. ಒಳಗಿನ ನಡತೆ ನೋಡಿ ಹೊರಗಿನ ಅಪಾಯ ಅಳೆಯಲು ಹೋದವರು ತಕ್ಕಡಿಯನ್ನೇ ತಲೆಕೆಳಗಾಗಿ ಹಿಡಿದಂತೆ.

ಪ್ರಶ್ನೆ: ನಾನು ಸೈನ್ಯದಲ್ಲಿ 24 ವರ್ಷ ಇದ್ದವನು. ನಿಮ್ಮಂಥವರು ಯಾವಾಗಲೂ ತಪ್ಪಿ ಸಿಕ್ಕವರ ಕಥೆಯನ್ನೇ ಹೇಳುತ್ತೀರಿ. ಬಿಟ್ಟ ಮೇಲೆ ಮತ್ತೆ ಬಂದೂಕು ಹಿಡಿದವರ ಕಥೆ ಯಾರು ಹೇಳಬೇಕು? ಅವರ ಗುಂಡಿಗೆ ಎದೆ ಕೊಡುವವರು ಬರೆಯುವವರಲ್ಲ. (ನಿವೃತ್ತ ಸುಬೇದಾರ್, ಮಡಿಕೇರಿ)

ಉತ್ತರ: ಸುಬೇದಾರ್ ಸಾಹೇಬರೇ, ಬೈದದ್ದು ಸರಿಯಾಗಿದೆ. ಆ ಕಥೆಯನ್ನೂ ಹೇಳುತ್ತೇನೆ.

ಅಬ್ದುಲ್ಲಾ ಮೆಹಸೂದ್ ಪಾಕಿಸ್ತಾನದ ವಜೀರಿಸ್ತಾನದವನು. ನೆಲಬಾಂಬಿಗೆ ಒಂದು ಕಾಲು ಕಳೆದುಕೊಂಡಿದ್ದ. ಗ್ವಾಂಟನಾಮೊದಲ್ಲಿ ತಾನು ಯಾರು ಅನ್ನುವುದನ್ನೇ ಮರೆಮಾಚಿ ಇದ್ದು, 2004ರ ಮಾರ್ಚ್‌ನಲ್ಲಿ ಬಿಡುಗಡೆಯಾದ. ಅದೇ ಅಕ್ಟೋಬರ್‌ನಲ್ಲಿ ಪಾಕಿಸ್ತಾನದಲ್ಲಿ ಅಣೆಕಟ್ಟು ಕೆಲಸದ ಇಬ್ಬರು ಚೀನೀ ಎಂಜಿನಿಯರುಗಳನ್ನು ಅಪಹರಿಸಿದ, ಒಬ್ಬರು ಸತ್ತರು. ಸೌದಿಯ ಸಯೀದ್ ಅಲ್ ಶಿಹ್ರಿಯನ್ನು 2007ರಲ್ಲಿ ಊರಿಗೆ ಕಳಿಸಿದರು. 2009ಕ್ಕೆ ಯೆಮೆನಿನ ಅಲ್ ಖೈದಾ ಶಾಖೆಯ ಎರಡನೆಯ ಮುಖಂಡನಾಗಿ ಕಾಣಿಸಿಕೊಂಡ. ಅಬ್ದುಲ್ ಖಯ್ಯೂಂ ಜಾಕಿರ್ ಬೇರೆ ಹೆಸರು ಹೇಳಿಕೊಂಡೇ ಇದ್ದು 2007ರ ಕೊನೆಗೆ ಅಫ್ಘನ್ ಸರ್ಕಾರದ ವಶಕ್ಕೆ ಹೋದ, ಅಲ್ಲಿಂದಲೂ ಬಿಡಿಸಿಕೊಂಡ, ದಕ್ಷಿಣ ಅಫ್ಘಾನಿಸ್ತಾನದಲ್ಲಿ ತಾಲಿಬಾನಿನ ದಂಡನಾಯಕನಾದ. ಟ್ಯಾಕ್ಸಿಯವನೂ ಮುದುಕನೂ ಒಳಗಿದ್ದ ಅದೇ ಶಿಬಿರದಿಂದ ಇವರು ಹೊರಗೆ ಬಂದರು. ಇವರನ್ನು ಬಿಟ್ಟದ್ದು ಕನಿಕರಪಟ್ಟಲ್ಲ ಸಾಹೇಬರೇ. ಇವರಲ್ಲಿ ಇಬ್ಬರು ಯಾರು ಅನ್ನುವುದು ಬಿಟ್ಟವರಿಗೆ ಗೊತ್ತೇ ಇರಲಿಲ್ಲ. ವಾಚು ನೋಡಿದರು, ಮುಖ ನೋಡಲಿಲ್ಲ.

ಅಮೆರಿಕದ ಬೇಹುಗಾರಿಕಾ ನಿರ್ದೇಶಕರ ಕಚೇರಿಯೇ ಇದರ ಲೆಕ್ಕ ಕೊಡುತ್ತ ಬಂದಿದೆ. 2009ಕ್ಕೆ ಮೊದಲು ಹೊರಹೋದ 532 ಮಂದಿಯಲ್ಲಿ ಸುಮಾರು ಐವರಲ್ಲೊಬ್ಬ ಮತ್ತೆ ಹೋರಾಟಕ್ಕೆ ಇಳಿದದ್ದು ಖಚಿತವಾಗಿದೆ. 2009ರಲ್ಲಿ ಒಬಾಮ ಬಂದ ಮೇಲೆ ಪದ್ಧತಿ ಬದಲಾಯಿತು. ನ್ಯಾಯ, ರಕ್ಷಣೆ, ವಿದೇಶಾಂಗ, ಒಳನಾಡ ಭದ್ರತೆ, ಬೇಹುಗಾರಿಕೆ, ಸೇನಾ ಮುಖ್ಯಸ್ಥರು ಹೀಗೆ ಆರು ಕಡೆಯವರು ಒಂದೇ ಮೇಜಿನ ಸುತ್ತ ಕೂತು, ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ಉಳಿದಿದ್ದ 240 ಜನರ ಕಡತ ಹೊಸದಾಗಿ ತೆರೆದರು. 126 ಮಂದಿಯನ್ನು ಬೇರೆ ದೇಶಕ್ಕೆ ಕಳಿಸಬಹುದು, 36 ಮಂದಿಯ ಮೇಲೆ ಮೊಕದ್ದಮೆ, 30 ಮಂದಿ ಯೆಮೆನಿಗಳು ಅಲ್ಲಿನ ಪರಿಸ್ಥಿತಿ ಸುಧಾರಿಸುವವರೆಗೆ ಇರಲಿ, 48 ಮಂದಿಯನ್ನು ಬಿಡಲೂ ಆಗದು, ಕೋರ್ಟಿಗೆ ಹಾಕಲೂ ಆಗದು. ಹಾಗೆ ಸೋಸಿ ಕಳಿಸಿದವರಲ್ಲಿ ಮರಳಿ ಬಂದೂಕು ಹಿಡಿದವರು ಹತ್ತರಲ್ಲಿ ಒಬ್ಬನಿಗಿಂತ ಕಡಿಮೆ. ಅಷ್ಟು ಹೊತ್ತಿಗೆ ಅವರಿಗೂ ವಯಸ್ಸಾಗಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೂ ನಾನು ಹೇಳುವುದು ಇದನ್ನೇ: ಸರಿಯಾಗಿ ತೂಗುವುದು ಬಂದಿಗೆ ಮಾಡುವ ಉಪಕಾರ ಮಾತ್ರವಲ್ಲ, ನಿಮ್ಮ ಜವಾನರಿಗೆ ಮಾಡುವ ಉಪಕಾರವೂ ಹೌದು.

ನಿಮ್ಮ ಪಕ್ಷಕ್ಕೆ ಇನ್ನೂ ಬಲವಾದ ಸಾಕ್ಷಿಯನ್ನು ನಾನೇ ಕೊಡುತ್ತೇನೆ. 1939ರಲ್ಲಿ ಯುದ್ಧ ಶುರುವಾದಾಗ ಬ್ರಿಟನ್ನಿನಲ್ಲಿದ್ದ ಜರ್ಮನರು, ಆಸ್ಟ್ರಿಯನ್ನರು ಸುಮಾರು 73 ಸಾವಿರ. ಒಬ್ಬೊಬ್ಬರನ್ನೇ ಕರೆದು ಕೇಳಲು ದೇಶದ ತುಂಬ ನೂರಿಪ್ಪತ್ತು ಮಂಡಳಿಗಳನ್ನು ಕೂರಿಸಿದರು. ಎ ಎಂದರೆ ಸೆರೆ, ಬಿ ಎಂದರೆ ನಿರ್ಬಂಧ, ಸಿ ಎಂದರೆ ಹೋಗಿ ಬನ್ನಿ. ಎ ದರ್ಜೆ ಸಿಕ್ಕಿದ್ದು 569 ಮಂದಿಗೆ. ಎಡಿನ್‌ಬರೋದಲ್ಲಿ ಮಂಡಳಿಯ ಮುಂದೆ ಬಂದ ಒಬ್ಬ ಹುಡುಗ ಭೌತವಿಜ್ಞಾನಿ, ನಾಜಿಗಳಿಂದ ತಪ್ಪಿಸಿಕೊಂಡು ಬಂದವನು, ಮಿತಭಾಷಿ. ಅವನ ಗುರು ಮ್ಯಾಕ್ಸ್ ಬಾರ್ನ್ ಶಿಫಾರಸು ಬರೆದಿದ್ದರು. ಇದೇ ಬಾರ್ನ್ ಕೆಲ ವರ್ಷದ ಹಿಂದೆ ರಾಮನ್ ಅವರ ಕರೆಯ ಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಪಾಠ ಹೇಳಿದ್ದವರು. ಹುಡುಗನಿಗೆ ಸಿ ದರ್ಜೆ ಸಿಕ್ಕಿತು. 1940ರಲ್ಲಿ ಸಿ ದರ್ಜೆಯವರನ್ನೂ ಹಿಡಿದಾಗ ಅವನನ್ನೂ ಹಿಡಿದು ಕೆನಡಾಗೆ ಸಾಗಿಸಿದರು, 1941ರ ಜನವರಿಗೆ ವಾಪಸ್ ತಂದರು, ಅಣುಬಾಂಬಿನ ಕೆಲಸಕ್ಕೆ ಸೇರಿಸಿದರು. ಹೆಸರು ಕ್ಲಾಸ್ ಫುಕ್ಸ್. ಬಾಂಬಿನ ಗುಟ್ಟನ್ನು ರಷ್ಯಾಕ್ಕೆ ದಾಟಿಸಿದ. 1950ರಲ್ಲಿ ಸಿಕ್ಕಿಬಿದ್ದು 14 ವರ್ಷ ಸಜೆಯಾಯಿತು.

ಇದರಲ್ಲಿ ನನ್ನನ್ನು ಕಾಡುವುದು ಒಂದು ಸಣ್ಣ ಸಂಗತಿ. ಇವನು ಕಮ್ಯುನಿಸ್ಟ್ ಅಂತ 1934ರಲ್ಲೇ ಬ್ರಿಸ್ಟಲ್ ಪೊಲೀಸರಿಗೆ ಸುಳಿವು ಬಂದಿತ್ತು. ಕೊಟ್ಟವರು ಜರ್ಮನ್ ದೂತಕಚೇರಿಯವರು, ಅಂದರೆ ನಾಜಿಗಳು. ನಾಜಿಗಳ ಮಾತಿಗೇನು ಬೆಲೆ ಎಂದು ಬದಿಗಿಟ್ಟರು. ಗ್ವಾಂಟನಾಮೊದಲ್ಲಿ ಇದರ ಉಲ್ಟಾ: ಒಬ್ಬ ಯೆಮೆನಿ ಬಂದಿ ಹತ್ತಾರು ಜೊತೆಬಂದಿಗಳ ಮೇಲೆ ಚಾಡಿ ಹೇಳಿದ, ಅವನ ಮಾತು ನೆಚ್ಚುವಂಥದ್ದಲ್ಲ ಎಂದು ಒಳಗಿನವರೇ ಎಚ್ಚರಿಸಿದ್ದರೂ ಕಡತದಿಂದ ಕಡತಕ್ಕೆ ಅದೇ ಹರಿದಾಡಿತು. ಒಂದು ಕಡೆ ಕೆಟ್ಟ ಬಾಯಿಂದ ಬಂದ ನಿಜವನ್ನು ಬಿಸಾಡಿದರು, ಇನ್ನೊಂದು ಕಡೆ ಕೆಟ್ಟ ಬಾಯಿಂದ ಬಂದ ಸುಳ್ಳನ್ನು ಎತ್ತಿಟ್ಟುಕೊಂಡರು. ಎರಡು ಕಡೆಯೂ ಹೋಗಿ ವಿಚಾರಿಸಿದವರಿಲ್ಲ.

ನನ್ನ ಶಿಫಾರಸಿನ ಮೇಲೆ ಪೆರೋಲ್ ಪಡೆದ ಒಬ್ಬ ಹದಿನೈದು ದಿನಕ್ಕೆ ಮರಳಲಿಲ್ಲ. ಮೆಮೊ ಬಂತು, ಉತ್ತರ ಕೊಟ್ಟೆ, ಇಂಕ್ರಿಮೆಂಟ್ ಸ್ವಲ್ಪ ದಿನ ತಡವಾಯಿತು. ಬಿಡಬಾರದು ಅಂತ ಬರೆದು ನಾನು ಒಳಗೇ ಉಳಿಸಿದವರು ಎಷ್ಟೋ ಜನ. ಅವರಲ್ಲಿ ಎಷ್ಟು ಮಂದಿ ಹೋಗಿ ತೆಪ್ಪಗೆ ಬರುತ್ತಿದ್ದರೋ, ಆ ಲೆಕ್ಕ ಯಾರೂ ಕೇಳಲಿಲ್ಲ, ಮೆಮೊವೂ ಬರಲಿಲ್ಲ. ಮೂವತ್ತು ವರ್ಷ ಹೀಗೆ ಕಳೆದರೆ ಕೈ ತಾನಾಗಿ "ಬೇಡ" ಅಂತಲೇ ಬರೆಯಲು ಕಲಿಯುತ್ತದೆ. ನಾನೇನೂ ಹೊರತಲ್ಲ.

ಪ್ರಶ್ನೆ: ನಮ್ಮ ಮುತ್ತಜ್ಜ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಯಲ್ಲಿದ್ದರು. ಮೊದಲ ಮಹಾಯುದ್ಧದಲ್ಲಿ "ದೊರೆಗಳನ್ನು ಹಿಡಿದುಕೊಂಡು ಹೋದರು" ಎಂದು ಅಜ್ಜಿ ಹೇಳುತ್ತಿದ್ದರು. ಅವರ ವಿಚಾರಣೆಯೂ ಹೀಗೇ ನಡೆಯಿತೇ? (ಓದುಗರು, ಮಂಗಳೂರು)

ಉತ್ತರ: ಇಲ್ಲ, ಅಲ್ಲಿ ತಕ್ಕಡಿಯೇ ಇರಲಿಲ್ಲ. ಮಿಷನ್ನಿನ ಕೇಂದ್ರ ಸ್ವಿಟ್ಜರ್‌ಲೆಂಡಿನ ಬಾಸೆಲ್, ಅದು ತಟಸ್ಥ ದೇಶ. ಆದರೆ ಪಾದ್ರಿಗಳೂ ಕಸುಬಿನವರೂ ಬಹುಪಾಲು ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಪಾಸ್‌ಪೋರ್ಟೇ ಅಪಾಯದ ಅಳತೆಯಾಯಿತು. ಜರ್ಮನ್ ಗಂಡಸರನ್ನು ಅಹಮದ್‌ನಗರದ ಶಿಬಿರಕ್ಕೆ ಕಳಿಸಿದರು, 1915-16ರಲ್ಲಿ ಹಡಗು ಹತ್ತಿಸಿ ದೇಶ ಬಿಡಿಸಿದರು. ಹಂಚು, ನೇಯ್ಗೆಯ ಕಾರ್ಖಾನೆಗಳು ಸರ್ಕಾರದ ಕೈಗೆ ಹೋಗಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಕನ್ನಡ, ತುಳು ಕಲಿತು ಮುದ್ರಣಾಲಯ ನಡೆಸಿದವರಲ್ಲಿ ಕೈಸರನ ಗೂಢಚಾರರಿದ್ದರೇ ಎಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದವರಿಲ್ಲ.

ಬ್ರಿಟನ್ನಿನವರು 1939ರಲ್ಲಿ ಅಷ್ಟು ಶ್ರಮಪಟ್ಟು ಕೇಳಿದರಲ್ಲ, ಅದೂ ಉಳಿಯಲಿಲ್ಲ. 1940ರಲ್ಲಿ ಫ್ರಾನ್ಸ್ ಬಿದ್ದ ಗಾಬರಿಗೆ ಸಿ ದರ್ಜೆಯವರನ್ನೂ ಸೇರಿಸಿ ಸುಮಾರು 27 ಸಾವಿರ ಜನರನ್ನು ಹಿಡಿದರು. ಇಟಲಿಯವರಿಗಂತೂ ಮಂಡಳಿಯೇ ಇರಲಿಲ್ಲ. ಕೆನಡಾಗೆ ಬಂದಿಗಳನ್ನು ಸಾಗಿಸುತ್ತಿದ್ದ ಅರಂಡೋರಾ ಸ್ಟಾರ್ ಹಡಗನ್ನು ಜುಲೈ 2ರಂದು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಲಂಡನ್ನಿನ ಹೋಟೆಲುಗಳ ಇಟಾಲಿಯನ್ ಅಡುಗೆಯವರು, ಮಾಣಿಗಳು ಬಹಳ.

ನಮ್ಮವರೂ ಹೆಚ್ಚಿನ ಬುದ್ಧಿ ತೋರಲಿಲ್ಲ ಬಿಡಿ. 1962ರ ಯುದ್ಧದ ಸಮಯ ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಚೀನೀ ಮೂಲದ ಸುಮಾರು ಮೂರು ಸಾವಿರ ಜನರನ್ನು, ಹೆಂಗಸರು ಮಕ್ಕಳ ಸಮೇತ, ರೈಲಿನಲ್ಲಿ ರಾಜಸ್ಥಾನದ ದೇವಳಿ ಶಿಬಿರಕ್ಕೆ ತಂದು ಹಾಕಿದರು. ಕೆಲವರು ವರ್ಷಗಟ್ಟಲೆ ಇದ್ದರು. ಇಂಥವರನ್ನು ಇಟ್ಟರೆ ವರ್ಷಕ್ಕೆ ಎರಡು ಸಲವಾದರೂ ಪುನರ್ವಿಮರ್ಶೆ ಮಾಡಿ ಅನ್ನುವ ನಾಲ್ಕನೇ ಜಿನೀವಾ ಒಪ್ಪಂದದ 43ನೇ ವಿಧಿ ಆಗಲೇ ಹದಿಮೂರು ವರ್ಷ ಹಳೆಯದಾಗಿತ್ತು.

ಪ್ರಶ್ನೆ: ಅಂಥ ಮಂಡಳಿಯಲ್ಲಿ ನಿಮ್ಮನ್ನೇ ಕೂರಿಸಿದರೆ ಮೊದಲು ಏನು ಕೇಳುತ್ತೀರಿ? (ಹೆಸರು ಬೇಡ ಎಂದವರು, ರಾಯಚೂರು)

ಉತ್ತರ: ಬಂದಿಯನ್ನು ಏನೂ ಕೇಳುವುದಿಲ್ಲ. ಕಡತವನ್ನು ಕೇಳುತ್ತೇನೆ: ಈ ಸಾಲು ಮೊದಲು ಬರೆದವನು ಯಾರು, ಯಾವತ್ತು, ಅವನಿಗೆ ಹೇಳಿದವನು ಯಾರು, ಹೇಳಿದ್ದಕ್ಕೆ ದುಡ್ಡು ಸಿಕ್ಕಿತ್ತೇ? ಅಫ್ಘಾನಿಸ್ತಾನದಲ್ಲಿ ಅಮೆರಿಕದ ವಿಮಾನಗಳು ಇನಾಮಿನ ಕರಪತ್ರ ಸುರಿದಿದ್ದವು. ಸೀಟನ್ ಹಾಲ್ ಕಾನೂನು ಶಾಲೆಯವರು ಸರ್ಕಾರದ್ದೇ ಕಾಗದಗಳಿಂದ 517 ಬಂದಿಗಳ ಲೆಕ್ಕ ತೆಗೆದಾಗ, ಅಮೆರಿಕದ ಸೈನಿಕರು ತಾವೇ ಹಿಡಿದದ್ದು ನೂರಕ್ಕೆ ಐದು ಮಂದಿಯನ್ನು. ನೂರಕ್ಕೆ 86 ಮಂದಿಯನ್ನು ಪಾಕಿಸ್ತಾನದವರೋ, ತಾಲಿಬಾನಿನ ವಿರುದ್ಧ ಹೋರಾಡುತ್ತಿದ್ದ ಅಫ್ಘನ್ನರ ಉತ್ತರ ಮೈತ್ರಿಕೂಟದವರೋ ಹಿಡಿದು ಒಪ್ಪಿಸಿದ್ದರು. ಇದು ಗೊತ್ತಾದ ಮೇಲೆ ಉಳಿದ ಪುಟಗಳನ್ನು ಓದುವ ಬಗೆಯೇ ಬೇರೆಯಾಗುತ್ತದೆ. ಸುಮಾರು 780 ಜನ ಬಂದುಹೋದ ಆ ಶಿಬಿರದಲ್ಲಿ 2025ರ ಆರಂಭಕ್ಕೆ ಉಳಿದಿದ್ದವರು 15.

ಶಿರಸಿಯ ಹುಡುಗಿಗೆ ಹೇಳಿದ "ಬಂಗ", "ಸಾದ್ಯತೆ"ಯ ವರದಿ ನಾಲ್ಕನೇ ವರ್ಷವೂ ಬಂತು. ಬಂದಿ ತಾಯಿಯ ವರ್ಷಾಂತಿಕಕ್ಕೆ ಹೋಗಬೇಕು ಅಂತ ಕೇಳಿದ್ದ. ಆ ಸಲ ನಾನು ಠಾಣೆಗೆ ಪತ್ರ ಬರೆಯದೆ, ಆ ಕಡೆ ಊರಿನವನೇ ಆದ ನಮ್ಮ ವಾರ್ಡರ್ ಒಬ್ಬನಿಗೆ ರಜೆ ಮೇಲೆ ಹೋದಾಗ ಹಾಗೇ ವಿಚಾರಿಸಿಕೊಂಡು ಬಾ ಎಂದೆ. ನಿಯಮದಲ್ಲಿ ಇರಲಿಲ್ಲ. ಸೋಮವಾರ ಬಂದವನು ಟೋಪಿ ತೆಗೆದು ನಿಂತ.

"ಸಾಹೇಬ್ರ, ಎದುರು ಪಕ್ಷದ ಯಜಮಾನ ತೀರಿಕೊಂಡು ಎರಡು ವರ್ಸ ಆತಂತ್ರೀ. ಅವರ ಮಗನ ಮನಿಯಾಗ ಚಾ ಕುಡದ ಬಂದೆ. ಇವನು ಯಾವಾಗ ಬರ್ತಾನ ಅಂತ ಅವನ ಕೇಳಿದ್ರೀ, ಹೊಲದ ಬದುವಿನ ಲೆಕ್ಕ ಇವನ ಕೂಡ ಮುಗಸ್ಕೋಬೇಕಂತ."